ಒಂದೇ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್, ಲಿನಕ್ಸ್ ಎರಡೂ: ಅರ್ಧ ಕೆಲಸ ವಿಂಡೋಸ್‌ನಲ್ಲೇ ಇದೆ

ಪ್ರಶ್ನೆ: ನಮ್ಮದು ಅಡಿಕೆ ವ್ಯಾಪಾರದ ಮನೆ. ವಿಂಡೋಸ್ 11 ಇರುವ ಒಂದೇ ಲ್ಯಾಪ್‌ಟಾಪ್ ಇದೆ. 8 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ. ನಾನು ಅದರಲ್ಲಿ ಟ್ಯಾಲಿ ಲೆಕ್ಕ ಬರೆಯುತ್ತೇನೆ, ನುಡಿಯಲ್ಲಿ ಪತ್ರ ಟೈಪ್ ಮಾಡುತ್ತೇನೆ. ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿರುವ ಮಗಳು ಅದೇ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಬೇಕೆನ್ನುತ್ತಿದ್ದಾಳೆ. ಕಂಪ್ಯೂಟರ್ ಅಂಗಡಿಯಲ್ಲಿ ಕೇಳಿದರೆ, ‘ಎರಡು ಹಾಕಲು ಹೋದರೆ ಇರುವುದೆಲ್ಲ ಅಳಿಸಿಹೋಗುತ್ತದೆ’ ಎಂದರು. ನಿಜವೇ? ನಾವೇ ಹಾಕಿಕೊಳ್ಳಬಹುದೇ?
– ಓದುಗರು, ಶಿರಸಿ

ಉತ್ತರ: ಹಾಕಿಕೊಳ್ಳಬಹುದು, ನೀವೇ ಹಾಕಿಕೊಳ್ಳಬಹುದು. ಅಂಗಡಿಯವರ ಮಾತು ಪೂರ್ತಿ ಸುಳ್ಳಲ್ಲ, ಆದರೆ ವಿಂಡೋಸ್, ಲಿನಕ್ಸ್ ಎಂಬ ಎರಡು ವ್ಯವಸ್ಥೆ (ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ) ಹಾಕಿದ ಮಾತ್ರಕ್ಕೆ ಏನೂ ಅಳಿಸಿಹೋಗುವುದಿಲ್ಲ. ಇನ್‌ಸ್ಟಾಲ್ ಮಾಡುವಾಗ ಬರುವ ಒಂದು ಪರದೆಯಲ್ಲಿ ತಪ್ಪು ಆಯ್ಕೆ ಒತ್ತಿದರೆ ಅಳಿಸಿಹೋಗುತ್ತದೆ. ಆ ಪರದೆಯ ವಿಷಯಕ್ಕೆ ಆಮೇಲೆ ಬರುತ್ತೇನೆ. ಈಚಿನ ಲ್ಯಾಪ್‌ಟಾಪ್‌ಗಳಲ್ಲಿ ಜನ ಸಿಕ್ಕಿಬೀಳುವುದು ಹೆಚ್ಚಾಗಿ ಬೇರೆ ಕಡೆ: ಕಡತಗಳೆಲ್ಲ ಡಿಸ್ಕ್‌ನಲ್ಲಿ ಭದ್ರವಾಗಿಯೇ ಇರುತ್ತವೆ, ತೆರೆಯುವ ಕೀ ಮಾತ್ರ ಮನೆಯಲ್ಲಿ ಯಾರ ಬಳಿಯೂ ಇರುವುದಿಲ್ಲ. ಆದ್ದರಿಂದ ಲಿನಕ್ಸ್‌ನ ಪೆನ್‌ಡ್ರೈವ್ ಕೈಗೆತ್ತಿಕೊಳ್ಳುವ ಮೊದಲು ವಿಂಡೋಸ್ ಒಳಗೇ ಮುಗಿಸಬೇಕಾದ ಕೆಲಸ ಸಾಕಷ್ಟಿದೆ. ಅದನ್ನು ಸರಿಯಾಗಿ ಮುಗಿಸಿದರೆ ಉಳಿದದ್ದು ಒಂದು ಮಧ್ಯಾಹ್ನದ ಕೆಲಸ.

ಮೊದಲು ಮಗಳನ್ನು ಒಂದು ಮಾತು ಕೇಳಿ: ಲಿನಕ್ಸ್ ಬೇಕಾಗಿರುವುದು ಯಾತಕ್ಕೆ? ಪ್ರಯೋಗಾಲಯದ ಸಿ ಪ್ರೋಗ್ರಾಂಗಳಿಗೆ, ಶೆಲ್ ಸ್ಕ್ರಿಪ್ಟ್‌ಗಳಿಗೆ ಮಾತ್ರ ಸಾಕೆಂದರೆ ಡಿಸ್ಕ್ ಮುಟ್ಟುವ ಅಗತ್ಯವೇ ಇಲ್ಲ. ವಿಂಡೋಸ್ ಒಳಗೇ ಲಿನಕ್ಸ್ ನಡೆಸುವ ಡಬ್ಲ್ಯುಎಸ್‌ಎಲ್ ಎಂಬ ಸೌಲಭ್ಯವನ್ನು ಮೈಕ್ರೋಸಾಫ್ಟ್ 2016ರಿಂದಲೇ ಕೊಡುತ್ತಿದೆ. ಬೇಡವೆನಿಸಿದ ದಿನ ಬೇರೆ ಯಾವುದೇ ಆ್ಯಪ್ ತೆಗೆದಂತೆ ತೆಗೆದುಹಾಕಬಹುದು. ವರ್ಚುವಲ್‌ಬಾಕ್ಸ್‌ನಂಥ ತಂತ್ರಾಂಶದಲ್ಲಿ ಲಿನಕ್ಸ್‌ನ ಒಂದು ಬಗೆಯಾದ ಉಬುಂಟುವನ್ನೇ ಪೂರ್ತಿಯಾಗಿ ಒಂದು ಕಿಟಕಿಯಲ್ಲಿ ತೆರೆಯುವ ದಾರಿಯೂ ಇದೆ. ನಿಮ್ಮ 8 ಜಿಬಿ ರ‍್ಯಾಮ್‌ಗೆ ಅದನ್ನು ನಾನು ಹೇಳುವುದಿಲ್ಲ. ಇರುವ ರ‍್ಯಾಮ್ ಇಬ್ಬರಿಗೂ ಹಂಚಿಹೋಗಿ ಎರಡೂ ತೆವಳುತ್ತವೆ. ಲಿನಕ್ಸ್ ಅನ್ನು ದಿನವಿಡೀ ಬಳಸಬೇಕು, ಅದರ ಒಳಹೊರಗು ಕಲಿಯಬೇಕು ಎಂಬ ಆಸೆ ಮಗಳಿಗಿದ್ದರೆ ಎರಡನ್ನೂ ಬೇರೆ ಬೇರೆಯಾಗಿ ಹಾಕುವುದೇ ಸರಿ. ಆಗ ಚಾಲೂ ಆಗಿರುವ ವ್ಯವಸ್ಥೆಗೆ 8 ಜಿಬಿಯೂ ಸಿಗುತ್ತದೆ.

ಅವಳ ಉತ್ತರ ಈ ಎರಡನೆಯದು ಎಂದುಕೊಂಡು ಮುಂದುವರಿಯುತ್ತೇನೆ.

ಬ್ಯಾಕಪ್ ಬಗ್ಗೆ ಎಲ್ಲರೂ ಹೇಳುತ್ತಾರೆ, ಯಾರೂ ಮಾಡುವುದಿಲ್ಲ. ನಿಮ್ಮದು ವ್ಯಾಪಾರದ ಲೆಕ್ಕ. ಟ್ಯಾಲಿಯಲ್ಲೇ ಇರುವ ಬ್ಯಾಕಪ್ ಸೌಲಭ್ಯದಿಂದ ಪ್ರತಿ ತೆಗೆದು ಹೊರಗಿನ ಹಾರ್ಡ್‌ಡಿಸ್ಕ್‌ಗೆ ಹಾಕಿ, ನುಡಿಯ ಪತ್ರಗಳನ್ನೂ ಫೋಟೊಗಳನ್ನೂ ಜೊತೆಗೆ ಹಾಕಿ. ಆ ಪ್ರತಿ ತೆರೆಯುತ್ತದೆಯೇ ಎಂದು ಬೇರೆ ಕಂಪ್ಯೂಟರ್‌ನಲ್ಲಿ ನೋಡಿದ ಮೇಲೆಯೇ ಮುಂದಿನ ಹೆಜ್ಜೆ.

ಇನ್ನು ಕೀ ವಿಷಯ. ವಿಂಡೋಸ್ 11 ಇರುವ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ತಾನಾಗಿಯೇ ಎನ್‌ಕ್ರಿಪ್ಟ್ ಆಗಿರುತ್ತದೆ, ಅಂದರೆ ಕೀ ಇಲ್ಲದೆ ಓದಲಾಗದಂತೆ ಬೀಗ ಬಿದ್ದಿರುತ್ತದೆ. ಹೋಮ್ ಆವೃತ್ತಿಯಲ್ಲಿ ಇದಕ್ಕೆ ಡಿವೈಸ್ ಎನ್‌ಕ್ರಿಪ್ಷನ್ ಎಂದು ಹೆಸರು, ಒಳಗಿರುವುದು ಬಿಟ್‌ಲಾಕರ್ ಎಂಬ ವಿಂಡೋಸ್‌ನದೇ ಬೀಗ. ನೀವು ಅದನ್ನು ಹಾಕಿದ ನೆನಪೇ ನಿಮಗಿರುವುದಿಲ್ಲ, ಏಕೆಂದರೆ ನೀವು ಹಾಕಿಲ್ಲ. ಮೈಕ್ರೋಸಾಫ್ಟ್ ಖಾತೆಯಿಂದ ಮೊದಲ ಬಾರಿ ಲಾಗಿನ್ ಆದಾಗ ಅದು ಸದ್ದಿಲ್ಲದೆ ಚಾಲೂ ಆಗಿರುತ್ತದೆ. ಎಲ್ಲವೂ ಸರಿಯಾಗಿ ನಡೆಯುತ್ತಿರುವಷ್ಟು ದಿನ ಅದು ಇದೆಯೆಂದೇ ಗೊತ್ತಾಗುವುದಿಲ್ಲ. ಕಂಪ್ಯೂಟರ್ ಚಾಲೂ ಆಗುವ ಕ್ರಮದಲ್ಲಿ ಏನಾದರೂ ಬದಲಾವಣೆ ಕಂಡರೆ ಮಾತ್ರ ನೀಲಿ ಪರದೆ ತೋರಿಸಿ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಆ ಕೀ ಇಲ್ಲದಿದ್ದರೆ ಅಂಗಡಿಯವರಿಂದಲೂ ಆಗುವುದಿಲ್ಲ, ಮೈಕ್ರೋಸಾಫ್ಟ್‌ನಿಂದಲೂ ಆಗುವುದಿಲ್ಲ.

ಕೀ ಇರುವುದು ಮೈಕ್ರೋಸಾಫ್ಟ್ ಖಾತೆಯ ಜಾಲತಾಣದಲ್ಲಿ, ನಿಮ್ಮ ಸಾಧನಗಳ ಪಟ್ಟಿಯಡಿ. ಇಲ್ಲೇ ನಮ್ಮ ಊರುಗಳ ವಿಶೇಷ ತೊಡಕೊಂದಿದೆ. ಹೊಸ ಲ್ಯಾಪ್‌ಟಾಪ್ ಕೊಂಡ ದಿನ ಅಂಗಡಿಯ ಹುಡುಗ ಯಾವುದೋ ಇಮೇಲ್ ಹೆಸರಿನಲ್ಲಿ ಖಾತೆ ತೆರೆದು, ನಾಲ್ಕಂಕಿಯ ಪಿನ್ ಒಂದನ್ನು ಇಟ್ಟು ಕೊಟ್ಟಿರುತ್ತಾನೆ. ಮನೆಯವರಿಗೆ ಗೊತ್ತಿರುವುದು ಪಿನ್ ಒಂದೇ. ನಿಮ್ಮ ಖಾತೆ ಯಾವುದು, ಅದರ ಪಾಸ್‌ವರ್ಡ್ ಏನು ಎಂಬುದನ್ನು ಈಗಲೇ ಪತ್ತೆ ಮಾಡಿ. ಕೀಯನ್ನು ಕಾಗದದ ಮೇಲೆ ಬರೆದು ಲೆಕ್ಕದ ಪುಸ್ತಕಗಳ ಜೊತೆ ಇಡಿ. ಅದೇ ಲ್ಯಾಪ್‌ಟಾಪ್‌ನ ಡೆಸ್ಕ್‌ಟಾಪ್‌ನಲ್ಲಿ ಕಡತವಾಗಿ ಉಳಿಸಿದವರೂ ಇದ್ದಾರೆ!

ಕೀ ಸಿಕ್ಕ ಮೇಲೆ ಸೆಟ್ಟಿಂಗ್ಸ್‌ನ ಪ್ರೈವಸಿ ಮತ್ತು ಸೆಕ್ಯುರಿಟಿ ಭಾಗಕ್ಕೆ ಹೋಗಿ ಡಿವೈಸ್ ಎನ್‌ಕ್ರಿಪ್ಷನ್ ಅನ್ನು ತಾತ್ಕಾಲಿಕವಾಗಿ ಆಫ್ ಮಾಡಿ. ಡಿಸ್ಕ್‌ನ ಬೀಗ ಬಿಡಿಸಿಕೊಳ್ಳಲು ಸ್ವಲ್ಪ ಹೊತ್ತು ಬೇಕು, ಮುಗಿಯುವವರೆಗೆ ಕಾಯಿರಿ. ಎನ್‌ಕ್ರಿಪ್ಟ್ ಆದ ಡಿಸ್ಕ್ ಕಂಡರೆ ಕೆಲವು ಲಿನಕ್ಸ್ ಇನ್‌ಸ್ಟಾಲರ್‌ಗಳು ಮುಂದೆ ಹೋಗಲು ಒಪ್ಪುವುದೇ ಇಲ್ಲ.

ಮುಂದಿನದು ಫಾಸ್ಟ್ ಸ್ಟಾರ್ಟಪ್. ವಿಂಡೋಸ್ 8ರ ಕಾಲದಿಂದ ಬಂದ ಈ ಏರ್ಪಾಟಿನಲ್ಲಿ, ನೀವು ಶಟ್‌ಡೌನ್ ಒತ್ತಿದರೂ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ತನ್ನ ತಿರುಳನ್ನು ಡಿಸ್ಕ್‌ಗೆ ಬರೆದಿಟ್ಟು ಮಲಗುತ್ತದೆ, ಮರುದಿನ ಬೇಗ ಏಳಲಿ ಎಂದು. ತಮಾಷೆಯೆಂದರೆ ರೀಸ್ಟಾರ್ಟ್ ಒತ್ತಿದಾಗಲೇ ಅದು ನಿಜವಾಗಿ ಪೂರ್ತಿ ಮುಚ್ಚಿ ತೆರೆಯುವುದು. ಹೀಗೆ ಅರೆನಿದ್ದೆಯಲ್ಲಿರುವಾಗ ಲಿನಕ್ಸ್‌ನಿಂದ ಆ ಡಿಸ್ಕ್‌ಗೆ ಬರೆದರೆ ಕಡತಗಳು ಕೆಡುವ ಸಂಭವವಿದೆ. ಅದಕ್ಕೇ ಲಿನಕ್ಸ್ ಅಂಥ ಡಿಸ್ಕ್ ಅನ್ನು ಓದಲು ಮಾತ್ರ ಬಿಡುತ್ತದೆ, ಇಲ್ಲವೇ ತೆರೆಯುವುದನ್ನೇ ನಿರಾಕರಿಸುತ್ತದೆ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ಪವರ್ ಬಟನ್‌ಗಳ ಕೆಲಸ ನಿರ್ಧರಿಸುವ ಪುಟ ತೆರೆದು ಅದರ ಟಿಕ್ ತೆಗೆಯಿರಿ. ಎಸ್‌ಎಸ್‌ಡಿ ಇರುವ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ವ್ಯತ್ಯಾಸ ಗೊತ್ತಾಗುವುದೂ ಕಷ್ಟ.

ಈಗ ಜಾಗ ಬಿಡಿಸುವ ಕೆಲಸ. ನಿಮ್ಮ 512 ಜಿಬಿಯನ್ನು ವಿಂಡೋಸ್ ಸುಮಾರು 476 ಎಂದು ತೋರಿಸುತ್ತದೆ. ಮೋಸವೇನೂ ಆಗಿಲ್ಲ, ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸಿದ್ದನ್ನು ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. ಉಬುಂಟುಗೆ ಕನಿಷ್ಠ 25 ಜಿಬಿ ಸಾಕೆನ್ನುತ್ತಾರೆ; ನಾಲ್ಕು ವರ್ಷದ ಓದಿಗೆ 100 ಜಿಬಿ ಕೊಡಿ. ಸ್ಟಾರ್ಟ್ ಗುಂಡಿಯ ಮೇಲೆ ಬಲ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ, ಸಿ ಡ್ರೈವ್ ಮೇಲೆ ಬಲ ಕ್ಲಿಕ್ ಮಾಡಿ ಶ್ರಿಂಕ್ ವಾಲ್ಯೂಮ್ ಆರಿಸಿ, 102400 ಎಂದು ಬರೆಯಿರಿ. ಅಲ್ಲಿ ಕೇಳುವುದು ಎಂಬಿ ಲೆಕ್ಕ. ಮುಗಿದಾಗ ಸಿ ಡ್ರೈವ್‌ನ ಪಕ್ಕದಲ್ಲಿ ಕಪ್ಪು ಪಟ್ಟಿಯ ಖಾಲಿ ಜಾಗ ಕಾಣಿಸುತ್ತದೆ. ಅದನ್ನು ಹಾಗೆಯೇ ಬಿಡಿ. ಅಲ್ಲಿ ಹೊಸ ಡ್ರೈವ್ ಮಾಡಲು ಕೈ ತುರಿಸುತ್ತದೆ, ಮಾಡಬೇಡಿ.

ಡಿಸ್ಕ್‌ನಲ್ಲಿ ಧಾರಾಳ ಖಾಲಿ ಇದ್ದರೂ ಶ್ರಿಂಕ್ ಮಾಡಲು ಸ್ವಲ್ಪವೇ ಜಾಗ ಸಿಗುತ್ತದೆ ಎಂದು ವಿಂಡೋಸ್ ಹೇಳಿದರೆ, ನಡುವೆ ಎಲ್ಲೋ ಕದಲಿಸಲಾಗದ ಕಡತ ಕೂತಿದೆ ಎಂದರ್ಥ. ಸಾಮಾನ್ಯವಾಗಿ ಅದು ಹೈಬರ್ನೇಷನ್ ಕಡತ, ಪೇಜ್ ಕಡತ ಅಥವಾ ಸಿಸ್ಟಮ್ ರಿಸ್ಟೋರ್‌ನ ಹಳೆಯ ಪ್ರತಿಗಳು. ಮೂರನ್ನೂ ತಾತ್ಕಾಲಿಕವಾಗಿ ಆಫ್ ಮಾಡಿ, ರೀಸ್ಟಾರ್ಟ್ ಮಾಡಿ, ಮತ್ತೆ ಪ್ರಯತ್ನಿಸಿ. ಈ ಕೆಲಸ ನಡೆಯುವಾಗ ಚಾರ್ಜರ್ ಹಾಕಿರಲಿ, ಬ್ಯಾಟರಿಯೂ ತುಂಬಿರಲಿ. ಇದನ್ನು ಓದಿ ಡೆಸ್ಕ್‌ಟಾಪ್‌ನಲ್ಲಿ ಮಾಡಹೊರಟವರು ಯುಪಿಎಸ್ ಇಲ್ಲದೆ ಕೈಹಾಕಬಾರದು. ಮಳೆಗಾಲದ ಮಲೆನಾಡಿನಲ್ಲಿ ಕರೆಂಟಿನ ಕಥೆ ನಿಮಗೆ ನಾನು ಹೇಳಬೇಕಿಲ್ಲ.

ಯಾವ ಲಿನಕ್ಸ್? ಕಾಲೇಜಿನ ಸೂಚನೆಗಳು ಸಾಮಾನ್ಯವಾಗಿ ಉಬುಂಟುವನ್ನೇ ಗಮನದಲ್ಲಿಟ್ಟು ಬರೆದಿರುತ್ತವೆ, ಅದೇ ಇರಲಿ. ಎರಡು ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ ಬರುವ ಎಲ್‌ಟಿಎಸ್ ಆವೃತ್ತಿಯನ್ನೇ ಆರಿಸಿ. ಅದಕ್ಕೆ ಐದು ವರ್ಷ ಭದ್ರತಾ ಅಪ್‌ಡೇಟ್ ಸಿಗುತ್ತದೆ. ನಡುನಡುವೆ ಬರುವ ಆವೃತ್ತಿಗಳ ಆಯುಸ್ಸು ಒಂಬತ್ತೇ ತಿಂಗಳು. ಹಗುರವಾದದ್ದು, ವಿಂಡೋಸ್‌ನಂತೆ ಕಾಣುವಂಥದ್ದು ಬೇಕೆಂದರೆ ಲಿನಕ್ಸ್ ಮಿಂಟ್ ಇದೆ. ಅದರ ಬುಡವೂ ಉಬುಂಟುವೇ. 16 ಜಿಬಿಯ ಪೆನ್‌ಡ್ರೈವ್‌ಗೆ ರೂಫಸ್‌ನಂಥ ತಂತ್ರಾಂಶದಿಂದ ನೀವು ಆರಿಸಿದ ಲಿನಕ್ಸ್ ಅನ್ನು ಬರೆಯಿರಿ. ಪೆನ್‌ಡ್ರೈವ್‌ನಲ್ಲಿದ್ದದ್ದೆಲ್ಲ ಹೋಗುತ್ತದೆ ಎಂಬುದು ನೆನಪಿರಲಿ. ಇನ್ನೊಂದು ಪೆನ್‌ಡ್ರೈವ್‌ನಲ್ಲಿ ವಿಂಡೋಸ್‌ನ ಇನ್‌ಸ್ಟಾಲೇಷನ್ ಪ್ರತಿಯನ್ನೂ ಮಾಡಿಟ್ಟುಕೊಂಡರೆ ಎಡವಟ್ಟಾದಾಗ ಕೈಯಲ್ಲಿರುತ್ತದೆ.

ಪೆನ್‌ಡ್ರೈವ್ ಚುಚ್ಚಿ ಲ್ಯಾಪ್‌ಟಾಪ್ ಚಾಲೂ ಮಾಡುವಾಗ, ಯಾವುದರಿಂದ ಚಾಲೂ ಆಗಬೇಕೆಂದು ಕೇಳುವ ಬೂಟ್ ಮೆನುವಿನ ಕೀ ಒತ್ತುತ್ತಿರಿ. ಡೆಲ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9. ಸಹಿ ಇಲ್ಲದ ತಂತ್ರಾಂಶದಿಂದ ಚಾಲೂ ಆಗದಂತೆ ತಡೆಯುವ ಸೆಕ್ಯೂರ್ ಬೂಟ್ ಆಫ್ ಮಾಡಿ ಎಂದು ಅನೇಕ ವಿಡಿಯೊಗಳಲ್ಲಿ ಹೇಳುತ್ತಾರೆ. ಉಬುಂಟುಗೆ ಅದರ ಅಗತ್ಯವಿಲ್ಲ. ಅದರ ಮೊದಲ ಬೂಟ್ ಕಡತಕ್ಕೆ ಮೈಕ್ರೋಸಾಫ್ಟ್‌ನ ಸಹಿಯೇ ಇರುವುದರಿಂದ ಸೆಕ್ಯೂರ್ ಬೂಟ್ ಇದ್ದಂತೆಯೇ ಚಾಲೂ ಆಗುತ್ತದೆ.

ತೆರೆದ ಕೂಡಲೇ ಇನ್‌ಸ್ಟಾಲ್ ಒತ್ತಬೇಡಿ. ಹಾಗೆಯೇ ಬಳಸಿ ನೋಡುವ ಆಯ್ಕೆಯಲ್ಲಿ ಸ್ವಲ್ಪ ಹೊತ್ತು ಓಡಾಡಿ. ವೈಫೈ ಸಿಗುತ್ತಿದೆಯೇ, ಧ್ವನಿ ಬರುತ್ತಿದೆಯೇ, ಟಚ್‌ಪ್ಯಾಡ್ ಮಾತು ಕೇಳುತ್ತಿದೆಯೇ ನೋಡಿ. ಕೈಕೊಡುವುದು ಹೆಚ್ಚಾಗಿ ವೈಫೈ. ಅದು ಸಿಗದಿದ್ದರೆ ಮೊಬೈಲನ್ನು ಕೇಬಲ್‌ನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಹಾಕಿ ಇಂಟರ್‌ನೆಟ್ ತೆಗೆದುಕೊಳ್ಳಬಹುದು, ಬೇಕಾದ ಡ್ರೈವರ್ ಆಮೇಲೆ ಇಳಿಸಿಕೊಳ್ಳಬಹುದು.

ಕೆಲವು ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಇನ್‌ಸ್ಟಾಲರ್‌ಗೆ ಡಿಸ್ಕ್ ಕಾಣಿಸುವುದೇ ಇಲ್ಲ, ಆರ್‌ಎಸ್‌ಟಿ (ಡಿಸ್ಕ್ ನೋಡಿಕೊಳ್ಳುವ ಇಂಟೆಲ್‌ನ ಏರ್ಪಾಟು) ಆಫ್ ಮಾಡಿ ಎಂಬ ಸೂಚನೆ ಬರುತ್ತದೆ. ಕೂಡಲೇ ಬಯಾಸ್‌ಗೆ (ಲ್ಯಾಪ್‌ಟಾಪ್‌ನ ಮೂಲ ಸೆಟ್ಟಿಂಗ್‌ಗಳ ಪರದೆ) ಹೋಗಿ ಎಎಚ್‌ಸಿಐ ಎಂಬ ಸಾಮಾನ್ಯ ಡಿಸ್ಕ್ ಕ್ರಮಕ್ಕೆ ಬದಲಾಯಿಸಿದರೆ ಲಿನಕ್ಸ್‌ಗೆ ಡಿಸ್ಕ್ ಕಾಣುತ್ತದೆ, ವಿಂಡೋಸ್ ಏಳುವುದಿಲ್ಲ. ಮೊದಲು ವಿಂಡೋಸ್ ಅನ್ನು ಮುಂದಿನ ಸಲ ಸೇಫ್ ಮೋಡ್‌ನಲ್ಲಿ ಏಳುವಂತೆ ಇಡಬೇಕು, ಆಮೇಲೆ ಬಯಾಸ್‌ನಲ್ಲಿ ಬದಲಾಯಿಸಬೇಕು, ಸೇಫ್ ಮೋಡ್‌ನಲ್ಲಿ ಒಮ್ಮೆ ಎದ್ದ ಮೇಲೆ ಮಾಮೂಲಿಗೆ ತರಬೇಕು. ಈ ಕ್ರಮ ತಪ್ಪಬಾರದು. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಇದು ಎದುರಾದರೆ, ಅವಸರವಿಲ್ಲದ ಒಂದು ಭಾನುವಾರಕ್ಕೆ ಕೆಲಸ ಮುಂದೂಡಿ.

ಈಗ ಆ ಪರದೆ. ಉಬುಂಟುವನ್ನು ಎಲ್ಲಿ ಹಾಕಬೇಕು ಎಂದು ಇನ್‌ಸ್ಟಾಲರ್ ಕೇಳುತ್ತದೆ. ಡಿಸ್ಕ್ ಅಳಿಸಿ ಹಾಕು ಎಂಬ ಅರ್ಥದ, ಇರೇಸ್ ಡಿಸ್ಕ್ ಎಂದು ಶುರುವಾಗುವ ಆಯ್ಕೆ ಅಲ್ಲಿರುತ್ತದೆ. ಅಂಗಡಿಯವರು ಹೇಳಿದ ಅನಾಹುತ ಆಗುವುದು ಅದನ್ನು ಒತ್ತಿದರೆ. ಅದು ಉಬುಂಟುವಿನ ಹಳೆಯ ಪ್ರತಿಯನ್ನೋ ವಿಂಡೋಸ್ ಅನ್ನೋ ಮಾತ್ರ ಅಳಿಸುವುದಲ್ಲ, ಇಡೀ ಡಿಸ್ಕ್ ಅಳಿಸುತ್ತದೆ. ವಿಂಡೋಸ್ ಪಕ್ಕದಲ್ಲೇ ಹಾಕು ಎಂಬ ಆಯ್ಕೆ ಇದ್ದರೆ ಸಾಮಾನ್ಯವಾಗಿ ಸಾಕು. ನನಗೆ ಮಾತ್ರ ಮ್ಯಾನ್ಯುವಲ್ ದಾರಿಯೇ ಇಷ್ಟ, ಅಲ್ಲಿ ಆಗುತ್ತಿರುವುದೆಲ್ಲ ಕಣ್ಣಿಗೆ ಕಾಣುತ್ತದೆ.

ಆ ಪಟ್ಟಿಯಲ್ಲಿ ಸಿ ಡ್ರೈವ್, ಡಿ ಡ್ರೈವ್ ಎಂದು ಇರುವುದಿಲ್ಲ. ಲಿನಕ್ಸ್ ಅಕ್ಷರ ಮತ್ತು ಅಂಕಿ ಬೆರೆಸಿ ತನ್ನದೇ ಹೆಸರಿಡುತ್ತದೆ. ಗಾತ್ರ ನೋಡಿ ಗುರುತಿಸಿ. ಮೊದಲಲ್ಲಿ 100 ಅಥವಾ 260 ಎಂಬಿಯ ಪುಟ್ಟ ಭಾಗ: ಅದು ಇಎಫ್‌ಐ, ಎರಡೂ ವ್ಯವಸ್ಥೆಗಳ ಬೂಟ್ ಕಡತಗಳು ಇರುವ ಜಾಗ. ಅದರ ಮುಂದೆ 16 ಎಂಬಿಯ, ಯಾತಕ್ಕೂ ಬಾರದಂತೆ ಕಾಣುವ ಭಾಗ. ಅದು ಮೈಕ್ರೋಸಾಫ್ಟ್ ತನಗೆಂದು ಕಾದಿರಿಸಿಕೊಂಡದ್ದು. ಆಮೇಲಿನ ದೊಡ್ಡ ಎನ್‌ಟಿಎಫ್‌ಎಸ್ (ವಿಂಡೋಸ್ ಕಡತಗಳನ್ನಿಡುವ ಮಾದರಿ) ಭಾಗವೇ ನಿಮ್ಮ ಸಿ ಡ್ರೈವ್. ಅದರ ಪಕ್ಕದಲ್ಲಿ ನೀವು ಬಿಡಿಸಿಟ್ಟ ಖಾಲಿ ಜಾಗ, ಕೊನೆಯಲ್ಲಿ ವಿಂಡೋಸ್‌ನ ರಿಕವರಿ ಭಾಗ. ಕಂಪನಿಯಿಂದ ಕಂಪನಿಗೆ ಒಂದೆರಡು ಹೆಚ್ಚು ಕಡಿಮೆ ಇರಬಹುದು. ನೀವು ಮುಟ್ಟಬೇಕಾದದ್ದು ಖಾಲಿ ಜಾಗ ಒಂದನ್ನೇ: ಅಲ್ಲಿ ಲಿನಕ್ಸ್‌ನ ಎಕ್ಸ್‌ಟಿ4 ಮಾದರಿಯ ಒಂದು ಭಾಗ ಮಾಡಿ ಅದನ್ನು ರೂಟ್ (ಲಿನಕ್ಸ್ ಕೂರುವ ಮುಖ್ಯ ಜಾಗ) ಎಂದು ಕೊಡಿ. ಇಎಫ್‌ಐ ಭಾಗವನ್ನು ಬಳಸಲಿ, ಫಾರ್ಮ್ಯಾಟ್ ಮಾಡುವ ಟಿಕ್ ಅದರ ಮುಂದೆ ಇರಕೂಡದು. ರ‍್ಯಾಮ್ ಸಾಲದಾಗ ಬಳಸುವ ಸ್ವಾಪ್‌ಗೆಂದು ಬೇರೆ ಭಾಗ ಬೇಕಿಲ್ಲ, ಉಬುಂಟು ಈಗ ಅದಕ್ಕೆ ಕಡತವನ್ನೇ ಬಳಸುತ್ತದೆ. ಕೊನೆಯಲ್ಲಿ ಏನೇನು ಬದಲಾಗಲಿದೆ ಎಂಬ ಸಾರಾಂಶದ ಪುಟ ಬರುತ್ತದೆ. ಅಲ್ಲಿಯವರೆಗೆ ಡಿಸ್ಕ್‌ನಲ್ಲಿ ಏನೂ ಬದಲಾಗಿರುವುದಿಲ್ಲ. ಫಾರ್ಮ್ಯಾಟ್ ಆಗುವ ಭಾಗಗಳಲ್ಲಿ ಎನ್‌ಟಿಎಫ್‌ಎಸ್ ಎಂಬ ಹೆಸರು ಕಂಡರೆ ಹಿಂದಕ್ಕೆ ಹೋಗಿ.

ಗ್ರಾಫಿಕ್ಸ್‌ಗೆ ಎನ್‌ವಿಡಿಯಾ ಇದ್ದು ಹೆಚ್ಚುವರಿ ಡ್ರೈವರ್ ಹಾಕುವಂತೆ ಟಿಕ್ ಮಾಡಿದ್ದರೆ ಇನ್‌ಸ್ಟಾಲರ್ ಒಂದು ಪಾಸ್‌ವರ್ಡ್ ಇಡಲು ಹೇಳಬಹುದು. ಹಾಗೆ ಇಟ್ಟರೆ ಮೊದಲ ರೀಸ್ಟಾರ್ಟ್‌ನಲ್ಲಿ ನೀಲಿ ಬಣ್ಣದ ಪುಟ್ಟ ಮೆನು ಬಂದು ಕೆಲವೇ ಸೆಕೆಂಡ್ ಕಾಯುತ್ತದೆ. ಅಲ್ಲಿ ಎನ್‌ರೋಲ್ ಎಂಬುದನ್ನು ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕು. ವೈರಸ್ ಎಂದುಕೊಂಡು ಗಾಬರಿಯಲ್ಲಿ ಆಫ್ ಮಾಡಿದವರ ಲ್ಯಾಪ್‌ಟಾಪ್‌ನಲ್ಲಿ ಆ ಡ್ರೈವರ್ ಕೆಲಸ ಮಾಡುವುದಿಲ್ಲ.

ಇನ್‌ಸ್ಟಾಲ್ ಆದ ಮೇಲೆ ಲ್ಯಾಪ್‌ಟಾಪ್ ಚಾಲೂ ಮಾಡಿದಾಗ ಗ್ರಬ್ ಎಂಬ ಕಪ್ಪು ಮೆನು ಬರುತ್ತದೆ, ಉಬುಂಟು ಬೇಕೋ ವಿಂಡೋಸ್ ಬೇಕೋ ಎಂದು ಕೇಳುತ್ತದೆ. ಸುಮ್ಮನಿದ್ದರೆ ಕೆಲವು ಸೆಕೆಂಡಿನಲ್ಲಿ ಉಬುಂಟುವೇ ತೆರೆಯುತ್ತದೆ. ಹೆಚ್ಚಿನವರು ಇದನ್ನು ಹೀಗೇ ಇಟ್ಟುಕೊಳ್ಳುತ್ತಾರೆ. ನಿಮ್ಮ ಮನೆಗೆ ನಾನು ಹೇಳುವುದು ಬೇರೆ: ಬಯಾಸ್‌ನ ಬೂಟ್ ಕ್ರಮದಲ್ಲಿ ವಿಂಡೋಸ್ ಬೂಟ್ ಮ್ಯಾನೇಜರ್ ಅನ್ನೇ ಮೊದಲಿಗೆ ಇಡಿ. ನಿಮಗೆ ಯಾವ ಮೆನುವೂ ಕಾಣುವುದಿಲ್ಲ, ಬಟನ್ ಒತ್ತಿದರೆ ಎಂದಿನಂತೆ ವಿಂಡೋಸ್, ಟ್ಯಾಲಿ. ಮಗಳು ಚಾಲೂ ಮಾಡುವಾಗ ಎಫ್12 ಒತ್ತಿ ಉಬುಂಟು ಆರಿಸಿಕೊಳ್ಳಲಿ. ಎಂಜಿನಿಯರಿಂಗ್ ಓದುವವಳಿಗೆ ಅದೇನು ಭಾರವಲ್ಲ. ಇದರಲ್ಲಿ ಇನ್ನೆರಡು ಲಾಭಗಳಿವೆ. ವಿಂಡೋಸ್‌ನ ದೊಡ್ಡ ಅಪ್‌ಡೇಟ್‌ಗಳು ಕೆಲವೊಮ್ಮೆ ವಿಂಡೋಸ್ ಅನ್ನೇ ಮೊದಲ ಸ್ಥಾನಕ್ಕೆ ತರುತ್ತವೆ. ಅದು ಮೊದಲೇ ಅಲ್ಲಿದ್ದರೆ ಬದಲಾಗುವುದೇನೂ ಇಲ್ಲ. ಎನ್‌ಕ್ರಿಪ್ಷನ್ ಅನ್ನು ಮತ್ತೆ ಆನ್ ಮಾಡಿದ ಮೇಲೆ ಗ್ರಬ್ ಮೂಲಕ ವಿಂಡೋಸ್‌ಗೆ ಹೋದರೆ ಬಿಟ್‌ಲಾಕರ್ ಕೀ ಕೇಳುವ ಸಂಭವವಿದೆ. ನೇರ ಹೋದರೆ ಆ ಕಿರಿಕಿರಿ ಇಲ್ಲ.

ಎನ್‌ಕ್ರಿಪ್ಷನ್ ಮತ್ತೆ ಆನ್ ಮಾಡಿ ಎಂದೇ ನನ್ನ ಸಲಹೆ. ಆಫ್ ಇದ್ದರೆ ಲಿನಕ್ಸ್‌ನಲ್ಲಿ ಕೂತವರು ಯಾರಾದರೂ ವಿಂಡೋಸ್ ಪಾಸ್‌ವರ್ಡ್ ಇಲ್ಲದೆಯೇ ನಿಮ್ಮ ಸಿ ಡ್ರೈವ್ ತೆರೆದು ನೋಡಬಹುದು. ಮಗಳ ಮೇಲೆ ಅನುಮಾನದ ಮಾತಲ್ಲ. ಲ್ಯಾಪ್‌ಟಾಪ್ ಕಾಲೇಜಿಗೆ, ಬಸ್ಸಿಗೆ, ಹಾಸ್ಟೆಲ್‌ಗೆ ಓಡಾಡುವ ವಸ್ತು. ಆನ್ ಮಾಡಿದ ಮೇಲೆ ಹಳೆಯ ಕೀ ನಡೆಯುವುದಿಲ್ಲ, ಹೊಸದನ್ನು ನೋಡಿ ಬರೆದಿಟ್ಟುಕೊಳ್ಳಿ. ಎರಡೂ ಕಡೆಯಿಂದ ನೋಡಬೇಕಾದ ಕಡತಗಳಿದ್ದರೆ ಅವಕ್ಕಷ್ಟೇ ಎನ್‌ಟಿಎಫ್‌ಎಸ್ ಮಾದರಿಯ ಹೊರಗಿನ ಡಿಸ್ಕ್ ಒಂದನ್ನು ಬಳಸಿ. ಲಿನಕ್ಸ್ ಅದನ್ನು ಓದುತ್ತದೆ, ಬರೆಯುತ್ತದೆ. ಲಿನಕ್ಸ್‌ನ ಎಕ್ಸ್‌ಟಿ4 ಮಾತ್ರ ವಿಂಡೋಸ್‌ಗೆ ತಾನಾಗಿ ಅರ್ಥವಾಗುವುದಿಲ್ಲ.

ಗಡಿಯಾರದ ಒಂದು ಗೋಜಲಿದೆ. ಮಗಳು ಉಬುಂಟು ಬಳಸಿ ಮುಚ್ಚಿದ ಮೇಲೆ ನೀವು ವಿಂಡೋಸ್ ತೆರೆದರೆ ಸಮಯ ಐದೂವರೆ ಗಂಟೆ ಹಿಂದಿರುತ್ತದೆ. ಸಂಜೆ ನಾಲ್ಕಕ್ಕೆ ಬೆಳಗಿನ ಹತ್ತೂವರೆ ತೋರಿಸುತ್ತದೆ. ಕಂಪ್ಯೂಟರ್ ಒಳಗಿನ ಗಡಿಯಾರದಲ್ಲಿ ಲಿನಕ್ಸ್ ಜಾಗತಿಕ ಸಮಯವನ್ನು ಬರೆಯುತ್ತದೆ, ವಿಂಡೋಸ್ ಅದನ್ನೇ ಸ್ಥಳೀಯ ಸಮಯ ಎಂದು ಓದುತ್ತದೆ. ಬೆಳಗಿನ ಐದಕ್ಕೆ ಲೆಕ್ಕ ಬರೆಯಲು ಕೂತರೆ ತಾರೀಕೇ ಹಿಂದಿನ ದಿನದ್ದಾಗಿರುತ್ತದೆ. ಉಬುಂಟುವಿನ ಟರ್ಮಿನಲ್‌ನಲ್ಲಿ ಒಂದೇ ಸಾಲಿನ ಆದೇಶ ಕೊಟ್ಟು ಅದೂ ಸ್ಥಳೀಯ ಸಮಯವನ್ನೇ ಬರೆಯುವಂತೆ ಮಾಡಬಹುದು. ಟೈಮ್‌ಡೇಟ್‌ಸಿಟಿಎಲ್ ಎಂಬ ಆದೇಶದ ಲೋಕಲ್ ಆರ್‌ಟಿಸಿ ಆಯ್ಕೆ ಎಂದರೆ ಮಗಳಿಗೆ ತಿಳಿಯುತ್ತದೆ.

ಇಷ್ಟೆಲ್ಲ ಮಾಡಿದರೂ ಎಂದಾದರೊಂದು ದಿನ ಕೈಕೊಡುವುದಿಲ್ಲವೇ ಎಂದರೆ, ಕೊಡಬಹುದು. 2024ರ ಆಗಸ್ಟ್‌ನಲ್ಲಿ ಮೈಕ್ರೋಸಾಫ್ಟ್‌ನ ಒಂದು ಭದ್ರತಾ ಅಪ್‌ಡೇಟ್ ಬಂದ ಮೇಲೆ ಹಲವು ಕಂಪ್ಯೂಟರ್‌ಗಳಲ್ಲಿ ಲಿನಕ್ಸ್ ಏಳುವುದನ್ನೇ ನಿಲ್ಲಿಸಿತು. ಹಳೆಯ, ದೋಷವಿದ್ದ ಬೂಟ್ ಕಡತಗಳನ್ನು ತಡೆಯುವುದು ಅದರ ಉದ್ದೇಶ. ಎರಡು ವ್ಯವಸ್ಥೆಗಳಿರುವ ಕಂಪ್ಯೂಟರ್‌ಗಳನ್ನು ಅದು ಗುರುತಿಸಿ ಬಿಟ್ಟುಬಿಡಬೇಕಿತ್ತು, ಎಲ್ಲವನ್ನೂ ಗುರುತಿಸಲಿಲ್ಲ. ಪೂರ್ತಿ ಪರಿಹಾರ ಬಂದದ್ದು 2025ರ ಮೇ ತಿಂಗಳಲ್ಲಿ. ಆಗಲೂ ಯಾರ ಕಡತಗಳೂ ಹೋಗಲಿಲ್ಲ, ಲಿನಕ್ಸ್‌ನ ಬಾಗಿಲು ಮಾತ್ರ ಮುಚ್ಚಿತ್ತು. ಉಬುಂಟುವಿನ ಅಪ್‌ಡೇಟ್‌ಗಳನ್ನು ಮಗಳು ಬಾಕಿ ಉಳಿಸಿಕೊಳ್ಳದಿರಲಿ, ಇನ್‌ಸ್ಟಾಲ್ ಮಾಡಿದ ಪೆನ್‌ಡ್ರೈವ್ ಅನ್ನು ಅಳಿಸದೆ ಇಟ್ಟುಕೊಳ್ಳಲಿ. ಏಳದ ಲಿನಕ್ಸ್ ಅನ್ನು ಎಬ್ಬಿಸಲು ಅದೇ ಬೇಕು.

ನುಡಿ, ಟ್ಯಾಲಿ ಎರಡೂ ವಿಂಡೋಸ್ ತಂತ್ರಾಂಶಗಳು, ನೀವು ಅಲ್ಲೇ ಇರುವವರು, ನಿಮಗೆ ಯಾವ ಬದಲಾವಣೆಯೂ ಇಲ್ಲ. ಮಗಳಿಗೆ ಲಿನಕ್ಸ್‌ನಲ್ಲಿ ಕನ್ನಡ ಬೇಕಾದರೆ ಬೇರೆ ಬೇರೆ ಭಾಷೆ ಟೈಪಿಸಲು ನೆರವಾಗುವ ಐಬಸ್‌ನ ಎಂ17ಎನ್ ಪ್ಯಾಕೇಜ್ ಹಾಕಿಕೊಂಡು ಕೀಬೋರ್ಡ್ ಪಟ್ಟಿಯಲ್ಲಿ ಕನ್ನಡ ಕೆಜಿಪಿ ಸೇರಿಸಿಕೊಳ್ಳಲಿ. ಅದು ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ, ನುಡಿಯಲ್ಲಿ ಬೆರಳಿಗೆ ಕೂತಿರುವ ಅದೇ ಕೀಲಿಮಣೆ. ಆದರೆ ನಿಮ್ಮ ಹಳೆಯ ಪತ್ರಗಳನ್ನು ಅವಳು ಅಲ್ಲಿ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಾಣಬಹುದು. ಕಡತ ಕೆಟ್ಟಿಲ್ಲ. ಎಲ್ಲ ಕಂಪ್ಯೂಟರ್‌ಗಳಿಗೂ ಸಮಾನವಾದ ಅಕ್ಷರ ಸಂಕೇತವಾದ ಯುನಿಕೋಡ್‌ಗೆ ಮುಂಚಿನ ನುಡಿ ಅಕ್ಷರಗಳು ಆ ಫಾಂಟ್ ಇದ್ದರೆ ಮಾತ್ರ ಕನ್ನಡವಾಗಿ ಕಾಣುತ್ತವೆ. ವಿಂಡೋಸ್‌ನಲ್ಲಿರುವ ನುಡಿ ಫಾಂಟ್‌ಗಳನ್ನು ಉಬುಂಟುವಿನಲ್ಲೂ ಹಾಕಿದರೆ ಲಿಬ್ರೆ ಆಫೀಸ್‌ನಲ್ಲಿ ಓದಲು ಬರುತ್ತದೆ. ಹೊಸ ಪತ್ರಗಳನ್ನಾದರೂ ನುಡಿಯ ಯುನಿಕೋಡ್ ಆಯ್ಕೆಯಲ್ಲೇ ಬರೆಯಿರಿ.

ಓದು ಮುಗಿದು ಅವಳಿಗೆ ಸ್ವಂತ ಲ್ಯಾಪ್‌ಟಾಪ್ ಬಂದ ಮೇಲೆ ಲಿನಕ್ಸ್ ತೆಗೆಯುವುದೂ ವಿಂಡೋಸ್‌ನಿಂದಲೇ. ಬೂಟ್ ಕ್ರಮದಲ್ಲಿ ವಿಂಡೋಸ್ ಮೊದಲಿದೆಯೇ ನೋಡಿಕೊಳ್ಳಿ, ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಉಬುಂಟುವಿನ ಭಾಗ ಒಂದನ್ನೇ ಅಳಿಸಿ, ಸಿ ಡ್ರೈವ್ ಮೇಲೆ ಬಲ ಕ್ಲಿಕ್ ಮಾಡಿ ಎಕ್ಸ್‌ಟೆಂಡ್ ಕೊಡಿ. ಬೂಟ್ ಕ್ರಮ ನೋಡದೆ ಅಳಿಸಿದರೆ ಮರುದಿನ ಗ್ರಬ್ ಎಂಬ ಪದದ ಮುಂದೆ ಕರ್ಸರ್ ಮಿನುಗುವ ಕಪ್ಪು ಪರದೆ ಎದುರಾಗುತ್ತದೆ. ಆಗಲೂ ಅಂಗಡಿಗೆ ಹೋಗಬೇಕಾಗಿಲ್ಲ: ಎಫ್12 ಒತ್ತಿ ವಿಂಡೋಸ್ ಬೂಟ್ ಮ್ಯಾನೇಜರ್ ಆರಿಸಿ, ಆಮೇಲೆ ಬಯಾಸ್‌ನಲ್ಲಿ ಅದನ್ನೇ ಮೊದಲಿಗೆ ತನ್ನಿ. ಇಎಫ್‌ಐ ಭಾಗದಲ್ಲಿ ಉಬುಂಟು ಹೆಸರಿನ ಪುಟ್ಟ ಫೋಲ್ಡರ್ ಉಳಿದುಕೊಂಡಿರುತ್ತದೆ. ಅದು ಇದ್ದರೆ ನಷ್ಟವೇನೂ ಇಲ್ಲ.